ಎದೆಯ ಗಾಳಿಯನ್ನು ಲೆಕ್ಕಕ್ಕೇ ಇಡದ ಯಂತ್ರಕ್ಕೆ

ಕ್ಲಾತೆನ್ ಪಟ್ಟಣದ ಆಸ್ಪತ್ರೆಯೊಂದರ ತಣ್ಣನೆಯ ಕೋಣೆಯಲ್ಲಿ ವಿರಾಜಮಾನರಾಗಿರುವ ಮಾನ್ಯ ಸಿ.ಟಿ. ಸ್ಕ್ಯಾನ್ ಯಂತ್ರದವರೇ,

ಮೂವತ್ತು ವರ್ಷಗಳಿಂದ ನಾಣ್ಯದ ಅಂಚಿನಿಂದ ಓಣಿಯವರ ಬೆನ್ನು ಕೆರೆದು, ಮೈಹೊಕ್ಕ ಗಾಳಿಯನ್ನು ಓಡಿಸುತ್ತ ಬಂದಿರುವ ಸುಪಾರ್ಮಿ ಎಂಬ ನಾನು ತಮಗೆ ನಮಸ್ಕರಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಹೋದ ಮಂಗಳವಾರ ನನ್ನ ಗಂಡ ಪಾರ್ಜೋನೋ ಅವರ ಎದೆಯ ಚಿತ್ರ ತೆಗೆದು ತಾವು ನನ್ನ ಮಾನ ಕಳೆದಿದ್ದೀರಿ.

ಜಕಾರ್ತಾದ ಮದುವೆಯಿಂದ ಹನ್ನೆರಡು ಗಂಟೆ ಬಸ್ಸಿನಲ್ಲಿ ಕಾಲು ಮಡಚಿ ಕೂತು ಬಂದವರಿಗೆ ಎಡ ಮೀನಖಂಡ ಊದಿಕೊಂಡಿತ್ತು. ನಾನು ಎಣ್ಣೆ ಹಚ್ಚಿ ಹೆಬ್ಬೆರಳೂರಿ ಚೆನ್ನಾಗಿ ನೀವಿದೆ. ಮರುದಿನ ಏದುಸಿರು ಬಂತು, ಎದೆ ಚುಚ್ಚಿತು. ಗಾಳಿ ಹೊಕ್ಕಿದೆ ಎಂದು ಓಣಿಗೆ ಓಣಿಯೇ ತೀರ್ಪು ಕೊಟ್ಟಿತು, ನಾನು ಕೆರೆಯತೊಡಗಿದೆ. "ಗಾಳಿ ಹೋಗ್ತಿಲ್ಲ ಕಣೇ, ಉಸಿರೇ ಹೋಗ್ತಿದೆ, ಬಿಡೇ" ಎಂದು ಅವರು ಗೋಗರೆದರೂ, "ಸುಮ್ನೆ ಬಿದ್ಕೊಳ್ಳಿ, ಗೆರೆ ಸೊಟ್ಟಗಾಗುತ್ತೆ" ಎಂದು ಇನ್ನೆರಡು ಸಾಲು ಎಳೆದೆ. ತುಟಿ ನೀಲಿಯಾದ ಮೇಲೆ ತಮ್ಮ ಸನ್ನಿಧಿಗೆ ತಂದೆವು.

ತಮ್ಮ ಸೇವೆಯಲ್ಲಿರುವ ರತ್ರಿ ಎಂಬ ಹುಡುಗಿ ಅಂಗಿ ಬಿಚ್ಚಿಸಿದವಳೇ, ಅಮ್ಮಾ ಎನ್ನುವ ಹಾಗೆ ನನ್ನನ್ನು ಬು ಎಂದು ಕರೆದು, "ಗೆರೆ ಭಾಳ ನೀಟಾಗಿ ಬಂದಿವೆ ಬು, ನಮ್ಮಮ್ಮಂಗೂ ಇಷ್ಟು ನೇರ ಬರಲ್ಲ" ಎಂದಳು. ತಾವೋ ಆ ಕೆಂಪು ಗೆರೆಗಳತ್ತ ಕಣ್ಣೂ ಹಾಯಿಸದೆ, ನರಕ್ಕೆ ಔಷಧ ಹರಿಸಿಕೊಂಡು, ಉಸಿರಿಗೇ ತತ್ವಾರವಿದ್ದ ಮನುಷ್ಯನಿಗೆ ಉಸಿರು ಬಿಗಿಹಿಡಿಯಲು ಅಪ್ಪಣೆ ಕೊಟ್ಟು, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ತೋರಿಸಿಬಿಟ್ಟಿರಿ. ಗಾಳಿ ಏನಾಯಿತು ಎಂದು ಕೇಳಿದ್ದಕ್ಕೆ ಡಾಕ್ಟರು, "ಇದೆ ಬು, ಅಲ್ಲಿ ಗಾಳಿ ಇರ್ಲೇಬೇಕು" ಎಂದು ನಕ್ಕರು. ಅವರು ಕೊಟ್ಟ ಔಷಧದಿಂದ ನನ್ನ ಗಂಡ ಈಗ ಎದ್ದು ಕೂತು, ಗಂಜಿಗೆ ಉಪ್ಪು ಸಾಲದು ಎಂದು ಜಗಳವಾಡುವಷ್ಟು ಚೇತರಿಸಿಕೊಂಡಿದ್ದಾರೆ. ಇದಕ್ಕೂ ತಾವೇ ಹೊಣೆ.

ಕೊನೆಯದಾಗಿ ಒಂದು ಬೇಡಿಕೆ. ಆ ಹೆಪ್ಪು ಕಾಲಿನಿಂದ ಹೊರಟು ಎದೆಗೆ ಬಂದಿತಂತೆ. ನಾನು ನೀವಿದ್ದಕ್ಕೇ ಬಂತೇ ಎಂದರೆ ಡಾಕ್ಟರು, "ಹೇಳೋಕಾಗಲ್ಲ" ಎನ್ನುತ್ತಾರೆ. ಅದು ತಾನಾಗಿ ಹೊರಟಿತೋ, ನನ್ನ ಹೆಬ್ಬೆರಳು ಹೊರಡಿಸಿತೋ ಎಂಬುದು ಕಾಣುವಂಥ ಇನ್ನೊಂದು ಚಿತ್ರವನ್ನು ದಯಮಾಡಿ ತೆಗೆದುಕೊಡಬೇಕು. ಗಂಡ ಗೊರಕೆ ಹೊಡೆಯುತ್ತಾರೆ, ನನಗೆ ಭಯದಿಂದ ಕಣ್ಣು ಮುಚ್ಚುವುದಿಲ್ಲ.

ಮಾನ ಹೋದರೂ ಗಂಡ ಉಳಿದ,
ತಮ್ಮ ವಿಶ್ವಾಸಿ,
ಸುಪಾರ್ಮಿ

ತಾ.ಕ.: ನೆರೆಮನೆಯ ಬು ದಾರ್ಸಿಯವರ ಮೀನಖಂಡ ನಿನ್ನೆಯಿಂದ ಊದಿದೆ. "ಒಂಚೂರು ನೀವಿ ಕೊಡೇ" ಎಂದು ಕಾಲು ಚಾಚಿದರು, ನಾನು ಮುಟ್ಟಲಿಲ್ಲ. ಜಂಬಗಾತಿ ಎಂದು ಬೈಸಿಕೊಂಡು ಆಸ್ಪತ್ರೆಗೆ ಕಳಿಸುತ್ತಿದ್ದೇನೆ. ತಾವು ಅವರೊಳಗೆ ಏನೂ ಸಿಗಲಿಲ್ಲವೆಂದು ಹೇಳಿ ನನ್ನನ್ನು ಇಡೀ ಓಣಿಯೆದುರು ಮೂರ್ಖಳನ್ನಾಗಿ ಮಾಡಿದರೆ ಜೀವಮಾನವಿಡೀ ಋಣಿಯಾಗಿರುತ್ತೇನೆ.