ವಾಕ್ಯದ ಜಿಪುಣಿ

ಜಿಪುಣರನ್ನು ನೀವೂ ಕಂಡಿರುತ್ತೀರಿ. ಕುದಿಸಿದ ಚಹಾಪುಡಿಯನ್ನೇ ಒಣಗಿಸಿ ಮತ್ತೆ ಕುದಿಸುವವರು, ಲಗ್ನಪತ್ರಿಕೆಯ ಹಿಂಬದಿಯಲ್ಲಿ ಕಿರಾಣಿ ಚೀಟಿ ಬರೆಯುವವರು. ನನ್ನ ಸೋದರತ್ತೆ ಆ ಪೈಕಿಯಲ್ಲ. ಹೋಳಿಗೆಗೆ ತುಪ್ಪ ಸುರಿಯುವಾಗ ಅವಳ ಕೈ ಹಿಡಿದು ನಿಲ್ಲಿಸಬೇಕು. ಅವಳ ಜಿಪುಣತನವೆಲ್ಲ ವಾಕ್ಯದಲ್ಲಿ. ಒಮ್ಮೆ ಬರೆದ ವಾಕ್ಯವನ್ನು ಅದು ಸುಸ್ತಾಗಿ ಬೀಳುವ ತನಕ ದುಡಿಸಬೇಕು. ಕೊಟ್ಟಿಗೆಯಲ್ಲಿ ಎತ್ತು ಮೆಲುಕು ಹಾಕುತ್ತಿರುವಾಗ ಸಂತೆಗೆ ಹೋಗಿ ಇನ್ನೊಂದು ತರುವವನು ಹುಚ್ಚ ಎಂಬುದು ಅವಳ ಸಿದ್ಧಾಂತ.

ಅವಳಿಗೆ ಸಿಕ್ಕ ಉದ್ಯೋಗವೂ ಹಾಗೇ ಇದೆ. ಬೈಲಹೊಂಗಲದಲ್ಲಿ ನೀರೆತ್ತುವ ಪಂಪು, ಬೆಳೆಗೆ ಔಷಧ ಹೊಡೆಯುವ ಯಂತ್ರ ತಯಾರಿಸುವ ಒಂದು ಸಣ್ಣ ಕಾರ್ಖಾನೆ. ಹೊಸ ಯಂತ್ರದ ಡಬ್ಬಿಯೊಳಗೆ ಒಂದು ತೆಳ್ಳನೆಯ ಪುಸ್ತಕ ಇರುತ್ತದಲ್ಲ, ಡಬ್ಬಿ ಬಿಚ್ಚಿದ ಕೂಡಲೇ ನಾವೆಲ್ಲ ಅದನ್ನು ಎಲ್ಲಿಗೋ ಎಸೆಯುತ್ತೇವಲ್ಲ, ಅದನ್ನು ಬರೆಯುವವಳು ನನ್ನ ಅತ್ತೆ. ಅವಳ ಕೈಕೆಳಗೆ ನಾನೂ ಇದ್ದೇನೆ. ಸೋದರ ಸೊಸೆಯೆಂದು ಇಟ್ಟುಕೊಂಡದ್ದಲ್ಲ, ಬೈಯಲು ಅನುಕೂಲವೆಂದು.

ಈ ಜಿಪುಣತನ ಆಫೀಸಿನ ಹೊಸ್ತಿಲಲ್ಲಿ ನಿಂತಿದ್ದರೆ ಚಿಂತೆ ಇರಲಿಲ್ಲ. ನನ್ನ ಅಣ್ಣನ ಮದುವೆಯಲ್ಲಿ ಹಿರಿಯರು ಒಬ್ಬೊಬ್ಬರೇ ಎದ್ದು ನಾಲ್ಕು ಮಾತು ಆಡುತ್ತಿದ್ದರು. ಅತ್ತೆಯ ಸರದಿ ಬಂತು. ಎದ್ದು ಸೆರಗು ಸರಿ ಮಾಡಿಕೊಂಡು ಹೇಳಿದಳು: "ಹೊಸದರಾಗ ಒಂದೀಟು ಸಪ್ಪಳ ಮಾಡ್ತೈತಿ. ಗಾಬರಿ ಆಗಬ್ಯಾಡ್ರಿ. ಜ್ವಾಪಾನದಿಂದ ನಡಿಸ್ಕೊಂಡು ಹೋದ್ರ ತಾನ ಸುರಳೀತ ಆಕ್ಕೈತಿ."

ಮಂಟಪದ ತುಂಬ ಚಪ್ಪಾಳೆ. ಬೀಗಿತ್ತಿ ಕಣ್ಣೊರೆಸಿಕೊಂಡರು. ಅದು ಪಂಪಿನ ಪುಸ್ತಕದ ವಾಕ್ಯ ಎಂದು ಗೊತ್ತಿದ್ದದ್ದು ಆ ಮಂಟಪದಲ್ಲಿ ನನಗೊಬ್ಬಳಿಗೇ. ಊಟಕ್ಕೆ ಕುಳಿತಾಗ ಹೊಸ ಅತ್ತಿಗೆ ಮೆಲ್ಲಗೆ ಕೇಳಿದಳು, "ಅತ್ಯಾರ, ಅದನ್ನ ನನಗ ಹೇಳಿದ್ರೋ, ಅವರಿಗೆ ಹೇಳಿದ್ರೋ?"

"ಇಬ್ಬರಿಗೂ ಹೊಂದತೈತೆವ್ವಾ," ಎಂದಳು ಅತ್ತೆ ಹಪ್ಪಳ ಮುರಿಯುತ್ತ. "ಅದಕ್ಕ ಅದು ಛಲೋ ವಾಕ್ಯ."

ನಮ್ಮ ಮಾಲೀಕರಿಗೆ ರಾಮದುರ್ಗದಲ್ಲಿ ಇನ್ನೊಂದು ಕಾರ್ಖಾನೆ ಇದೆ. ಅಲ್ಲಿ ರೊಟ್ಟಿ ಮಷಿನ್ನು, ಶಾವಿಗೆ ಮಷಿನ್ನು ಆಗುತ್ತವೆ. ಅಲ್ಲಿಯ ಪುಸ್ತಕಗಳನ್ನು ಬರೆಯುವವರು ಹೈಸ್ಕೂಲಿನಿಂದ ನಿವೃತ್ತರಾದ ಒಬ್ಬ ಕನ್ನಡ ಮಾಸ್ತರು. ಎರಡು ಊರಿನವರು ಒಂದೇ ಮಾತನ್ನು ಬೇರೆಬೇರೆ ಕುಳಿತು ಬರೆಯುವುದನ್ನು ಕಂಡು ಅತ್ತೆಗೆ ಹೊಟ್ಟೆ ಉರಿಯುತ್ತಿತ್ತು. ಮಾಲೀಕರ ಬೆನ್ನು ಬಿದ್ದು ಕಂಪ್ಯೂಟರಿನಲ್ಲಿ ಒಂದು ವಾಕ್ಯಗಳ ಉಗ್ರಾಣ ಮಾಡಿಸಿದಳು. ಅದಕ್ಕೆ ಅವಳಿಟ್ಟ ಹೆಸರು ಹಗೇವು. ಹಿಂದಿನವರು ನೆಲದಡಿಯ ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದ ಹಾಗೆ ಇದರಲ್ಲಿ ವಾಕ್ಯ. ಬೈಲಹೊಂಗಲದವರೂ ಅಲ್ಲಿಂದಲೇ ತೆಗೆಯಬೇಕು, ರಾಮದುರ್ಗದವರೂ ಅಲ್ಲಿಂದಲೇ ತೆಗೆಯಬೇಕು. ಒಂದು ಕಡೆ ತಿದ್ದಿದರೆ ಎಲ್ಲ ಪುಸ್ತಕದಲ್ಲೂ ತಾನಾಗಿಯೇ ತಿದ್ದಿಕೊಳ್ಳುತ್ತದೆ.

ಮಾಸ್ತರಿಗೆ ಇದು ಹಿಡಿಸಲಿಲ್ಲ. ಫೋನಿನಲ್ಲಿ ಅವರಿಬ್ಬರ ಜಗಳ ಕೇಳಲು ಲೆಕ್ಕಪತ್ರದ ವಿಭಾಗದವರು ಸಹ ಬಾಗಿಲ ಬಳಿ ಬಂದು ನಿಲ್ಲುತ್ತಿದ್ದರು.

"ಪಂಪಿಗೂ ರೊಟ್ಟಿಗೂ ಒಂದ ಭಾಷಾ ಹೆಂಗ ನಡೀತೈತ್ರಿ, ಬಾಯಾರ?"

"ಯಾಕ ನಡ್ಯಾಂಗಿಲ್ರಿ? ಎರಡೂ ಕರೆಂಟಿನ ಮ್ಯಾಲೆ ನಡೀತಾವಲ್ಲ?"

ಉಳಿದ ವಾಕ್ಯಗಳನ್ನೆಲ್ಲ ಮಾಸ್ತರು ಗೊಣಗಿಕೊಂಡೇ ಒಪ್ಪಿದರು. ಒಂದೇ ಒಂದಕ್ಕೆ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. 'ಸ್ವಚ್ಛ ಮಾಡುವ ಮೊದಲು ಸ್ವಿಚ್ ಬಂದ್ ಮಾಡಿರಿ' ಎಂಬುದು ಅತ್ತೆಯ ವಾಕ್ಯ. ಮಾಸ್ತರು ಅದನ್ನು ತೆಗೆದು 'ಪ್ಲಗ್ ಕಿತ್ತು ಉಡಿಯಲ್ಲಿ ಇಟ್ಟುಕೊಂಡು ಆಮೇಲೆ ಒಳಗೆ ಕೈ ಹಾಕಿರಿ' ಎಂದು ಬರೆದರು.

"ಮಾಸ್ತರ, ನೀವು ಮಷಿನ್ ಸ್ವಚ್ಛ ಮಾಡೂದು ಹೇಳಾಕತ್ತೀರೋ, ಬೀಗರ ಮನ್ಯಾಗ ಉಡಿ ತುಂಬಾಕತ್ತೀರೋ?" ಎಂದು ಅತ್ತೆ ಕೇಳಿದಳು. ಅವಳು ಅಳಿಸುವಳು, ಅವರು ಮತ್ತೆ ಹಾಕುವರು. ಆ ಬಡಪಾಯಿ ವಾಕ್ಯ ಬೈಲಹೊಂಗಲದಲ್ಲಿ ಸತ್ತು ರಾಮದುರ್ಗದಲ್ಲಿ ಹುಟ್ಟುತ್ತ ಇತ್ತು. ಕೊನೆಗೆ ರೊಟ್ಟಿ ಮಷಿನ್ನಿನ ಪುಸ್ತಕ ಅಚ್ಚಿಗೆ ಹೋದಾಗ ಮಾಸ್ತರ ವಾಕ್ಯವೇ ಅದರಲ್ಲಿ ಉಳಿದಿತ್ತು. ಅತ್ತೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಅವಳ ಊಟ ಪೂರ್ತಿ ತಪ್ಪಿಸುವ ಸುದ್ದಿ ಇನ್ನೂ ಮುಂದಿತ್ತು. ಒಂದು ಬೆಳಿಗ್ಗೆ ಸಾಲಹಳ್ಳಿಯಿಂದ ಗಿರಿಜವ್ವ ಎಂಬ ಹೆಂಗಸು ಫೋನು ಮಾಡಿದಳು. ನಮ್ಮ ರೊಟ್ಟಿ ಮಷಿನ್ನು ಕೊಂಡು ಕಟಕ್ ರೊಟ್ಟಿ ಮಾಡಿ ಯರಗಟ್ಟಿಯ ಅಂಗಡಿಗಳಿಗೆ ಕೊಡುವವಳು.

"ಯವ್ವಾ, ಒಂದು ಕೇಳೂದಿತ್ತು. ರೊಟ್ಟ್ಯಾಗ ಔಷಧ ಯಾವಾಗ ಹಾಕಬೇಕ್ರಿ, ಹಿಟ್ಟು ನಾದೂ ಮೊದಲೋ, ನಾದಿದ ಮ್ಯಾಲೋ?"

ಅತ್ತೆ ಪುಸ್ತಕ ತೆರೆದು ನೋಡಿದಳು. 'ಕೆಲಸ ಮುಗಿದ ಮೇಲೆ ಒಳಗೆ ಉಳಿದ ಔಷಧವನ್ನು ಚೆಲ್ಲಿ, ಸಾಬೂನಿನಿಂದ ಕೈ ತೊಳೆಯಿರಿ.' ಔಷಧ ಹೊಡೆಯುವ ಯಂತ್ರದ ಸ್ವಚ್ಛತೆಯ ಭಾಗವನ್ನು ಅತ್ತೆ ಬಿಡಿಸದೆ ಇಡಿಯಾಗಿ ಹಗೇವಿಗೆ ಹಾಕಿದ್ದಳು. ಅದು ಇಡಿಯಾಗಿಯೇ ರೊಟ್ಟಿಗೆ ಬಂದಿತ್ತು. ಪುಣ್ಯಕ್ಕೆ ಗಿರಿಜವ್ವ ಹಾಕುವ ಮೊದಲು ಕೇಳಿದ್ದಳು. ಕೇಳದೆ ಹಾಕಿದ್ದರೆ?

ಮಾಲೀಕರು ಅತ್ತೆಯನ್ನು ಕರೆಸಿದರು. "ಬಾಯಾರ, ಈ ಹಗೇವು ಮುಚ್ಚಿಬಿಡ್ರಿ. ಇನ್ನ ಮ್ಯಾಲೆ ಅವರದು ಅವರು ಬರೀಲಿ, ನಿಮ್ಮದು ನೀವು ಬರೀರಿ."

ಅತ್ತೆ ಎದುರು ಮಾತಾಡಲಿಲ್ಲ. "ತಪ್ಪು ನಂದ ಐತ್ರಿ. ಮೊದಲ ಆ ಪುಸ್ತಕ ಹೋದ ಮನಿಗಳಿಗೆ ಹೋಗಿ ತಿದ್ದಿ ಬರ್ತೇನಿ. ಆಮ್ಯಾಲೆ ಮುಚ್ಚೂಣು," ಎಂದು ಹೊರಗೆ ಬಂದು, "ನಡಿ" ಎಂದು ನನಗೆ ಚೀಲ ಹೊರಿಸಿದಳು.

ಯರಗಟ್ಟಿಯ ತನಕ ಬಸ್ಸಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಕಂಡಕ್ಟರು "ಮುಂದ ನಡೀರಿ, ಮುಂದ ನಡೀರಿ" ಎನ್ನುತ್ತಲೇ ಇದ್ದ. ಯರಗಟ್ಟಿಯಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿದೆವು. ಅಲ್ಲಿಯ ಕಂಡಕ್ಟರೂ "ಮುಂದ ನಡೀರಿ" ಎಂದ. ಅಷ್ಟು ದುಃಖದಲ್ಲೂ ಅತ್ತೆ ನನ್ನ ಕಡೆ ತಿರುಗಿ, "ನೋಡು, ಇವರು ಹೊಸಾದು ಬರಕೋತ ಕುಂಡ್ರತಾರೇನು?" ಎಂದಳು.

ಸಾಲಹಳ್ಳಿಯಲ್ಲಿ ಗಿರಿಜವ್ವ ನಮ್ಮನ್ನು ಕಂಡು ಬೈಯುತ್ತಾಳೆ ಎಂದುಕೊಂಡಿದ್ದರೆ ನೀರು, ಬೆಲ್ಲ ತಂದಿಟ್ಟಳು. ಅತ್ತೆ ತಪ್ಪಾಯಿತೆಂದು ಕೈಮುಗಿದು, ಪುಸ್ತಕ ಇಸಿದುಕೊಂಡು ಔಷಧದ ಸಾಲು ಹೊಡೆದು ಹಾಕಿದಳು. ಅದೇ ಹೊತ್ತಿಗೆ ಗಿರಿಜವ್ವನ ಸೊಸೆ ಶಾಂತಾ ಅಂದಿನ ಕೆಲಸ ಮುಗಿಸಿ ಮಷಿನ್ನಿನ ಮುಂದೆ ಕುಳಿತು ಉರುಳೆಗಳಿಗೆ ಅಂಟಿದ ಹಿಟ್ಟು ತೆಗೆಯುತ್ತಿದ್ದಳು. ಕೈ ಮಣಿಕಟ್ಟಿನ ತನಕ ಒಳಗಿತ್ತು. ಅಷ್ಟರಲ್ಲಿ ಗಿರಿಜವ್ವನಿಗೆ ನಮ್ಮ ಸೆಕೆ ನೆನಪಾಯಿತು.

"ತಡೀರಿ, ಫ್ಯಾನ್ ಹಾಕ್ತೇನಿ," ಎಂದು ಎದ್ದು ಗೋಡೆಯ ಸ್ವಿಚ್ ಒತ್ತಿದಳು.

ಫ್ಯಾನು ತಿರುಗಲಿಲ್ಲ. ಅವಳು ಒತ್ತಿದ್ದು ಮಷಿನ್ನಿನ ಸ್ವಿಚ್ಚು. ಅತ್ತೆಗೆ ಅದು ಗೊತ್ತಾದದ್ದು ನನಗಿಂತ ಮೊದಲು. ಅವಳ ಕೈಯೊಳಗಿನ ಪೆನ್ನು ಬಿತ್ತು. ಮಷಿನ್ನೂ ತಿರುಗಲಿಲ್ಲ. ಶಾಂತಾ ತಲೆ ಎತ್ತದೆ, "ಅತ್ತಿ, ಅದಲ್ಲ, ಬಾಜೂಕಿಂದು," ಎಂದು ಹಿಟ್ಟು ಕೆರೆಯುತ್ತ ಕುಳಿತಳು. ಪ್ಲಗ್ಗು ಅವಳ ಉಡಿಯಲ್ಲಿತ್ತು.

"ಅದನ್ನ ಯಾಕ ಉಡ್ಯಾಗ ಇಟಗೊಂಡೀಯವ್ವಾ?" ಎಂದು ಅತ್ತೆ ಕೇಳಿದಳು.

"ನಿಮ್ಮ ಪುಸ್ತಕದಾಗ ಹಂಗ ಬರದಾರಲ್ರಿ," ಎಂದಳು ಶಾಂತಾ.

ಅತ್ತೆ ಬೆಲ್ಲ ಮುಟ್ಟಲಿಲ್ಲ. ಅವಳ ವಾಕ್ಯದಂತೆ ನಡೆದಿದ್ದರೆ ಸ್ವಿಚ್ಚು ಮೊದಲು ಬಂದ್ ಆಗುತ್ತಿತ್ತು, ಫ್ಯಾನು ಹಾಕಲು ಎದ್ದ ಮುದುಕಿಯ ಕೈಯಲ್ಲಿ ಮತ್ತೆ ಚಾಲೂ ಆಗುತ್ತಿತ್ತು. ಉಳಿದ ಮನೆಗಳ ಪುಸ್ತಕ ತಿದ್ದಿ ಊರ ಹೊರಗೆ ಬಂದಾಗ ಬೈಲಹೊಂಗಲದ ಕಡೆಗೆ ಹೋಗುವ ಬಸ್ಸು ನಿಂತೇ ಇತ್ತು. ಅತ್ತೆ ಅದನ್ನು ಬಿಟ್ಟು ರಾಮದುರ್ಗದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ನನ್ನನ್ನು ಬೈಯಲಿಲ್ಲ. ನನಗೆ ಹೆದರಿಕೆಯಾಯಿತು.

ಮಾಸ್ತರು ಆಫೀಸಿನಲ್ಲಿ ಒಬ್ಬರೇ ಇದ್ದರು. ಇಷ್ಟು ದಿನ ಫೋನಿನಲ್ಲಿ ಗುಡುಗುತ್ತಿದ್ದ ಮನುಷ್ಯ ನೋಡಿದರೆ ಗುಬ್ಬಿಯಂತೆ ಇದ್ದರು. ಅತ್ತೆ ಕುರ್ಚಿಯ ಅಂಚಿನಲ್ಲಿ ಕುಳಿತು ನಡೆದದ್ದನ್ನೆಲ್ಲ ಹೇಳಿದಳು. ಕೊನೆಗೆ, "ಮಾಸ್ತರ, ಆ ಮಾತು ನಿಮಗ ಹೆಂಗ ಹೊಳೀತ್ರಿ?" ಎಂದು ಕೇಳಿದಳು.

"ನನಗ ಹೊಳದದ್ದಲ್ರಿ," ಎಂದರು ಮಾಸ್ತರು. "ನಮ್ಮ ಮನ್ಯಾಗಿನಾಕಿ ಮಿಕ್ಸರ್ ತೊಳೀಬೇಕಾದ್ರ ಹಂಗ ಮಾಡ್ತಿದ್ಳು. ನಾ ಮರವಿನ ಮನಷ್ಯಾ ನೋಡ್ರಿ, ಯಾವ ಸ್ವಿಚ್ ಯಾವಾಗ ಹಾಕ್ತೇನೋ ಅಂತ ಆಕಿಗೆ ಅಂಜಿಕಿ. ಪ್ಲಗ್ಗು ಉಡ್ಯಾಗ ಹಾಕ್ಕೊಂಡು, 'ಈಗ ಏನರ ಒತ್ತಗೋರಿ' ಅಂತಿದ್ಳು."

'ಮಾಡ್ತಿದ್ಳು', 'ಅಂತಿದ್ಳು'. ಕ್ರಿಯಾಪದಗಳು ಯಾವ ಕಾಲದಲ್ಲಿವೆ ಎಂದು ಅತ್ತೆಗೆ ಬೇರೆಯವರು ಹೇಳಬೇಕಾಗಿಲ್ಲ.

"ಯಾವಾಗ್ರಿ?"

"ಹೋದ ವರ್ಷ, ಸುಗ್ಗಿ ಹೊತ್ತಿನ್ಯಾಗ."

ಜಗಳ ಜೋರಾಗಿದ್ದ ದಿನಗಳೇ ಅವು. ಅವರು ಹೇಳಿರಲಿಲ್ಲ, ನಾವು ಕೇಳಿರಲಿಲ್ಲ.

(ಹಗೇವು ಮುಚ್ಚಲಿಲ್ಲ. ಒಂದು ಊರಿನವರ ಪುಸ್ತಕವನ್ನು ಇನ್ನೊಂದು ಊರಿನವರು ಗಟ್ಟಿಯಾಗಿ ಓದಿ ಒಪ್ಪಿದ ಮೇಲೆಯೇ ಅಚ್ಚಿಗೆ ಕಳಿಸಬೇಕೆಂಬ ಷರತ್ತಿನ ಮೇಲೆ ಮಾಲೀಕರು ಅದನ್ನು ಉಳಿಸಿದರು. ಅತ್ತೆ ಈಗ ಓದುವ ನೆಪದಲ್ಲಿ ಜಗಳವಾಡುತ್ತಾಳೆ.)

ಅಂದು ಮಾತ್ರ ಅವಳು ನಾನು ಎಂದೂ ಕೇಳದ ದನಿಯಲ್ಲಿ ಮಾತಾಡಿದಳು. ಯಾರ ವಾಕ್ಯವನ್ನೂ ಹೇಳದೆ ಕೇಳದೆ ಎತ್ತಿಕೊಳ್ಳುವವಳು ಅಪ್ಪಣೆ ಕೇಳುತ್ತಿದ್ದಳು.

"ನೀವು ಹೂಂ ಅಂದ್ರ, ಆ ಮಾತು ಎಲ್ಲಾ ಪುಸ್ತಕದಾಗೂ ಹಾಕ್ತೇನ್ರಿ. ಪಂಪಿಗೆ ಕೈ ಹಾಕಾವರು ಗಂಡಸರು, ಅಲ್ಲಿ 'ಫ್ಯೂಜ್ ಕಿತ್ತು ಕಿಸೇದಾಗ ಇಟಗೋರಿ' ಅಂತ ಮಾಡ್ತೇನಿ. ಉಳದ ಕಡೆ ಆಕಿ ಮಾಡಿಧಂಗ ಇರಲಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ನಮ್ಮ ಮಷಿನ್ ಹೋದಲ್ಲೆಲ್ಲಾ ಹೋಗ್ತೈತಿ."

ಮಾಸ್ತರು ಚಷ್ಮಾ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಮತ್ತೆ ಹಾಕಿಕೊಂಡರು. ಮತ್ತೆ ತೆಗೆದರು.

"ಆಕಿ ಈ ರಾಮದುರ್ಗ ಬಿಟ್ಟು ಎಲ್ಲೂ ಹೋದಾಕಿ ಅಲ್ರಿ," ಎಂದರು. "ಹೋಗಿ ಬರ್ಲಿ ಬಿಡ್ರಿ."