ವಿಂಕೊ ಹನ್ನೆರಡನೇ ಸಲ ತ್ರಿಗ್ಲಾವ್ ಹತ್ತಿದ್ದು

ನಮ್ಮ ದೇಶಕ್ಕೇ ಎತ್ತರದ ತ್ರಿಗ್ಲಾವ್ ಬೆಟ್ಟಾನ ನಾನು ಇಪ್ಪತ್ತು ಸಲ ಹತ್ತಿ ಇಳಿದೋಳು. ಅದರಲ್ಲಿ ಅರ್ಧ ಸುಳ್ಳು, ಯಾವ ಅರ್ಧ ಅಂತ ಮಾತ್ರ ಕೇಳಬೇಡಿ. ಆದ್ರೂ ನನ್ನ ಸುಳ್ಳಿಗೆ ಅರ್ಧ ನಿಜದ ಆಸರೆ ಇದೆ. ನಮ್ಮ ಬೀದಿ ಕ್ಷೌರಿಕ ವಿಂಕೊನ ಸುಳ್ಳಿಗೆ ಅದೂ ಇರಲಿಲ್ಲ.

ನಮ್ಮ ಕಡೆ ತ್ರಿಗ್ಲಾವ್ ಹತ್ತದೋನನ್ನ ಪೂರಾ ಮನುಷ್ಯ ಅಂತ ಯಾರೂ ಲೆಕ್ಕಕ್ಕೆ ಹಿಡಿಯಲ್ಲ. ವಿಂಕೊಗೋ ಸ್ಟೂಲು ಹತ್ತಿ ಬಲ್ಬು ಹಾಕೋಕೂ ತಲೆ ತಿರುಗೋದು. ಆದ್ರೆ ಕತ್ತರಿ ಕೈಗೆ ಬಂತೋ, "ನಾನು ಹನ್ನೊಂದು ಸಲ ಹತ್ತಿದೀನಿ" ಅಂತ ಶುರು ಹಚ್ಕೊಳ್ಳೋನು. ಕಿವಿ ಪಕ್ಕದಲ್ಲೇ ಕತ್ತರಿ ಆಡ್ತಿದ್ರೆ ಯಾರು ತಾನೇ ಇಲ್ಲ ಅಂತಾರೆ?

ಎಡವಟ್ಟು ಮಾಡಿದ್ದು ಅವನ ಮಗಳು ಬ್ರೀನಾ. ಆರು ವರ್ಷದ ಗಿಡ್ಡಿ, ಗಂಟಲು ಮಾತ್ರ ಚರ್ಚಿನ ಗಂಟೆ. ಶಾಲೆಯಲ್ಲಿ ಎದ್ದು ನಿಂತು, "ನಮ್ಮಪ್ಪ ಹನ್ನೆರಡನೇ ಸಲ ಹತ್ತೋವಾಗ ನನ್ನೂ ಕರ್ಕೊಂಡು ಹೋಗ್ತಾನೆ" ಅಂತ ಸಾರಿಬಿಟ್ಲು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯ್ತು.

ಸದ್ದಿಲ್ಲದೆ ಮಗೂನ ಕರ್ಕೊಂಡು ಹೋಗಿ ಬಂದುಬಿಡೋಣ ಅಂತ ವಿಂಕೊ ಮೂಟೆ ಕಟ್ಟಿದ. ಅಷ್ಟರಲ್ಲಿ ಬೇಲಿ ಆಚೆಯಿಂದ ಪಕ್ಕದ ಮನೆ ಫಾನಿ ಕೂಗಿದ್ಲು, "ತಡಿಯಪ್ಪಾ, ನಾವೂ ಬರ್ತೀವಿ! ನಮ್ಮೆಜಮಾನ್ರು ಹತ್ತಿ ನಲವತ್ತು ವರ್ಷ ಆಯ್ತು. ನಾನಂತೂ ತುದಿ ನೋಡೇ ಇಲ್ಲ."

ಅವಳ ಯಜಮಾನ ಲುದ್ವಿಕ್, ರಿಟೈರಾದ ಪೋಸ್ಟ್‌ಮ್ಯಾನ್. ಮಾತೇ ಆಡಲ್ಲ, ಹ್ಞೂಂ ಅಂತಾನೆ ಅಷ್ಟೆ. ಮಾತಾಡದೋರಿಗೆ ಎಲ್ಲಾ ಗೊತ್ತಿರತ್ತೆ ಅಂತ ಜನ ನಂಬ್ತಾರೆ ನೋಡಿ. ಆ ಲುದ್ವಿಕ್ ಹೆಗಲಿಗೆ ಹಗ್ಗದ ಸುರುಳಿ ಹಾಕ್ಕೊಂಡು ಬಂದ.

ಹಗ್ಗ ನೋಡಿ ವಿಂಕೊ ಬೆನ್ನ ಬುಡ ಚುರುಗುಟ್ಟಿತು. ಮೊದಲನೇ ಸಲ ತುದಿ ಮುಟ್ಟಿದೋರ ಕುಂಡೆಗೆ ಹಗ್ಗದಲ್ಲಿ ಮೂರು ಏಟು, ಅದೇ ನಮ್ಮಲ್ಲಿ ದೀಕ್ಷೆ. ಆ ಏಟು ಮಗಳ ಕಣ್ಣೆದುರಿಗೇ ತನಗೆ ಬಿದ್ರೆ? ಆಮೇಲೆ ಅವಳು ತನ್ನ ಯಾವ ಮಾತು ನಂಬ್ತಾಳೆ?

ಮೊದಲನೇ ದಿನ ಕಣಿವೆ ದಾರಿ. ವಿಂಕೊನ ಚೀಲದಲ್ಲಿ ದುಂಡಗೆ ಏನೋ ಕಂಡು ಫಾನಿ ಬಿಚ್ಚಿ ನೋಡಿದ್ರೆ ಕಲ್ಲಂಗಡಿ ಹಣ್ಣು!

"ಅಯ್ಯೋ ಪುಣ್ಯಾತ್ಮ, ಬೆಟ್ಟಕ್ಕೆ ಯಾರಾದ್ರೂ ಕಲ್ಲಂಗಡಿ ಹೊರ್ತಾರೇನೋ?"

"ಅನುಭವ ಅತ್ತಿಗೆ, ಅನುಭವ! ಹನ್ನೊಂದು ಸಲಾನೂ ತರಲಿಲ್ವಲ್ಲ ಅಂತ ಕೊರಗಿದೀನಿ."

ಆ ಅನುಭವ ಎರಡನೇ ತಿರುವಲ್ಲಿ ಚೀಲದಿಂದ ಜಾರಿ, ಉರುಳುರುಳಿ ಒಂದು ಹಸುವಿನ ಮೂತಿ ಮುಂದೆ ಹೋಗಿ ಒಡೀತು. "ಭಾರ ಇಳಿಸೋದೂ ಒಂದು ವಿದ್ಯೆ" ಅಂದ ವಿಂಕೊ. ಲುದ್ವಿಕ್ ಹ್ಞೂಂ ಅಂದ.

ರಾತ್ರಿ ಬೆಟ್ಟದ ತಂಗುಮನೆಯಲ್ಲಿ ಹುಳಿ ಕೋಸಿನ ಸಾರು ಕುಡಿದು ಮಲಗಿದ್ರು. ಎರಡನೇ ದಿನ ಬ್ರೀನಾ ಮೇಕೆಮರಿ ಹಾಗೆ ಮುಂದೆ ಮುಂದೆ. ಅಪ್ಪ ಹಿಂದೆ ಕುಲುಮೆ ತಿದಿ ಹಾಗೆ ಬುಸ್ ಬುಸ್.

"ಅಪ್ಪಾ, ಬೇಗ ಬಾ!"

"ನಿನಗೆ ಸುಸ್ತಾಗಬಾರದು ಅಂತ ನಿಧಾನ ಬರ್ತಿದೀನಿ ಪುಟ್ಟೀ!"

ದಾರಿ ಎರಡಾಗಿ ಒಡೆದಾಗ ಗಟ್ಟಿ ಹೆಜ್ಜೆ ಹಾಕ್ಕೊಂಡು ಎಡಕ್ಕೆ ನುಗ್ಗಿದ. ಹೋಗಿ ಸೇರಿದ್ದು ಕುರಿ ದೊಡ್ಡಿಗೆ. "ಕುರಿ ನೋಡ್ಲಿ ಅಂತ ಮಗೂನ ಕರ್ಕೊಂಡು ಬಂದೆ" ಅಂದ. ಒಂದೂವರೆ ಗಂಟೆ ವಾಪಸ್ ನಡೆದ್ರು. ಲುದ್ವಿಕ್ ಅದಕ್ಕೂ ಹ್ಞೂಂ ಅಂದ.

ಮೂರನೇ ದಿನ ಬೆಳಗ್ಗೆ ಬಂಡೆ ಏಣು. ಕಬ್ಬಿಣದ ಗೂಟ, ಕಬ್ಬಿಣದ ಮಿಣಿ, ಎರಡೂ ಕಡೆ ಪಾತಾಳ. ಬ್ರೀನಾ ತಲೆಗೆ ಹೆಲ್ಮೆಟ್ಟು, ಸೊಂಟಕ್ಕೆ ಹಗ್ಗ. ಒಂದು ತುದಿ ಲುದ್ವಿಕ್ ಕೈಲಿ, ಇನ್ನೊಂದು ಅಪ್ಪನ ಕೈಲಿ. ಅವಳು ಹಾಡು ಹೇಳ್ತಾ ಹತ್ತಿದ್ಲು. ವಿಂಕೊ ನಾಲ್ಕು ಕಾಲಲ್ಲಿ ತೆವಳ್ತಾ ಬಂದ.

"ಯಾಕಪ್ಪಾ ಅಂಬೆಗಾಲು?"

"ಬೆಟ್ಟಕ್ಕೆ ಮರ್ಯಾದೆ ಕೊಡ್ಬೇಕಮ್ಮಾ."

ಅಂತೂ ತುದಿ ಮುಟ್ಟಿದ್ರು. ಅಲ್ಲಿರೋ ತಗಡಿನ ಪುಟ್ಟ ಗೋಪುರಾನ ಬ್ರೀನಾ ತಬ್ಬಿಕೊಂಡ್ಲು. ಹೂವಲ್ಲಿ ಹೊಡೆದ ಹಾಗೆ ಲುದ್ವಿಕ್ ಅವಳಿಗೆ ಮೂರೇಟು ಹಾಕಿದ. ಕಿಲಕಿಲ ನಕ್ಕು ಇನ್ನೂ ಮೂರು ಕೇಳಿದ್ಲು. ಫಾನಿಗೂ ಆಯ್ತು. ವಿಂಕೊ ಎದೆ ಸೆಟೆಸಿ ನಿಂತ, "ನನಗೆ ಬಿದ್ದಾಗ ಒಂದು ತಿಂಗಳು ಕೂರೋಕಾಗಿರಲಿಲ್ಲ!"

ಗೆದ್ದೆ ಅಂದ್ಕೊಂಡ.

ಆಗ ಲುದ್ವಿಕ್ ಬಾಯಿ ಬಿಟ್ಟ. ಹಗ್ಗ ತಂದು ವಿಂಕೊ ಕೈಗಿಟ್ಟು ಬಗ್ಗಿ ನಿಂತ. "ನನಗೂ ಹೊಡಿ ತಮ್ಮಾ. ನನಗೂ ಇದೇ ಮೊದಲು. ನಲವತ್ತು ವರ್ಷ ಊರಿಗೆಲ್ಲ ಸುಳ್ಳು ಹೇಳ್ಕೊಂಡು ಬಂದೆ. ದಾರಿ ಗೊತ್ತಿರೋನು ನೀನಿದೀಯ ಅಂತ ಧೈರ್ಯ ಮಾಡಿ ಹಿಂದೆ ಬಂದೆ."

ಫಾನಿ ಉರಿದುಬಿದ್ಲು. "ಏನ್ರೀ! ಬೆಟ್ಟ ಹತ್ತಿದ ಗಂಡು ಅಂತಲ್ವೇನ್ರೀ ನಮ್ಮಪ್ಪ ನಿಮಗೆ ನನ್ನ ಕೊಟ್ಟಿದ್ದು? ಹೊಡಿಯೋ ವಿಂಕೊ! ಮೂರಲ್ಲ, ಸುಳ್ಳು ಹೇಳಿದ ವರ್ಷಕ್ಕೊಂದು!"

ವಿಂಕೊಗೆ ಹುಮ್ಮಸ್ಸು ಬಂತು. ಒಂದೊಂದು ಏಟಿಗೂ ಒಂದೊಂದು ಬುದ್ಧಿಮಾತು. "ಸುಳ್ಳು ಹೇಳಬಾರದು ಲುದ್ವಿಕಣ್ಣ! ಮಕ್ಕಳು ನೋಡ್ತಿರ್ತಾವೆ!" ಬ್ರೀನಾ ಬೆರಳು ಮಡಿಸಿ ಎಣಿಸಿದ್ಲು, ನಲವತ್ತು.

ಲುದ್ವಿಕ್ ಕುಂಡೆ ಉಜ್ಜಿಕೊಳ್ತಾ ನೆಟ್ಟಗಾದ. "ನ್ಯಾಯ ಆಯ್ತು. ಆದ್ರೆ ಆ ಗೂಟದ ದಾರೀಲಿ ಇಳಿಯೋಕೆ ನನ್ನ ಕೈಲಾಗಲ್ಲ ತಮ್ಮಾ. ಈ ಕಡೆಯಿಂದ ಹಸೂನೂ ಇಳಿಯೋ ಅಂಥ ಸುಲಭದ ದಾರಿ ಇದೆ, ಐದು ಸಲ ಇಳಿದಿದೀನಿ ಅಂತ ಕ್ಷೌರ ಮಾಡೋವಾಗ ಹೇಳಿದ್ಯಲ್ಲ? ನಡಿ, ಅದರಲ್ಲೇ ಕರ್ಕೊಂಡು ಹೋಗು."

ವಿಂಕೊ ಆ ಕಡೆ ಬಗ್ಗಿ ನೋಡಿದ. ಹಸು ಇರಲಿ, ಹಕ್ಕಿ ಕೂಡ ಯೋಚನೆ ಮಾಡಿ ಇಳೀಬೇಕು, ಅಂಥ ಬಂಡೆ. ಆ ದಾರಿ ಹುಟ್ಟಿದ್ದೇ ಅವನ ಕತ್ತರಿ ಬಾಯಲ್ಲಿ.

"ಬಾ ಅಪ್ಪಾ, ತೋರಿಸು!" ಬ್ರೀನಾ ಕೈ ಹಿಡಿದು ಜಗ್ಗಿದ್ಲು.

ಫಾನಿ ಹಗ್ಗ ಕಿತ್ಕೊಂಡು ಅಂಗೈಗೆ ಸುತ್ತಿಕೊಂಡ್ಲು. "ಯಾಕಪ್ಪಾ ವಿಂಕೊ, ಬೆಳ್ಳಗಾದೆ?"

ವಿಂಕೊ ಬಂಡೆ ನೋಡಿದ. ಫಾನಿಯ ತೋಳು ನೋಡಿದ. ಮಗಳ ಮುಖ ನೋಡಿದ. ಆಮೇಲೆ ಬಾಯಿ ತೆರೆದ.

ಏನಂದಿರಬೇಕು? ಎಲ್ಲಾ ನಾನೇ ಹೇಳಬೇಕಾ, ನೀವೇ ಹೇಳಿ ನೋಡೋಣ.