ಕೋಳಿಯ ಪಥ್ಯ

ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರ್ ಆ ದಿನ ಮಾಡಿದ ತಪ್ಪು ಒಂದೇ. ಮೈದಾ ಹಿಟ್ಟಿನ ಅಂಟು ಕುದಿಸಿ, ಆರಲೆಂದು ಪಾತ್ರೆಯನ್ನು ಹಿತ್ತಿಲ ಕಟ್ಟೆಯ ಮೇಲಿಟ್ಟು, ಮುಂದಿನ ಕೋಣೆಯಲ್ಲಿ ದಪ್ಪ ನಿಘಂಟೊಂದರ ಬೆನ್ನು ಹೊಲಿಯುತ್ತ ಕುಳಿತುಬಿಟ್ಟ. ಎದ್ದು ಬಂದು ನೋಡಿದರೆ ಪಾತ್ರೆ ಅರ್ಧ ಖಾಲಿ. ಪಕ್ಕದಲ್ಲಿ ಹೆಂಡತಿಯ ಎಳೆ ಹೇಂಟೆ ಕಣ್ಣು ಮುಚ್ಚಿ, ಪುಕ್ಕ ಉಬ್ಬಿಸಿಕೊಂಡು ಕುಳಿತಿತ್ತು.

ಅಂಗೈಯಗಲದ ಮರಿಯಾಗಿದ್ದಾಗಿನಿಂದ ಅವಳು ಅದನ್ನು ಸಾಕಿದ್ದಳು. ಬೆಳಗ್ಗೆ ಅಕ್ಕನ ಮನೆಗೆ ಹೊರಡುವಾಗ ಗಂಡನ ಬಗ್ಗೆ ಒಂದು ಮಾತೂ ಕೋಳಿಯ ಬಗ್ಗೆ ಹದಿನಾಲ್ಕು ಮಾತೂ ಆಡಿ, ಸಂಜೆ ಐದಕ್ಕೆ ಬರುತ್ತೇನೆಂದು ಬಸ್ಸು ಹತ್ತಿದ್ದಳು. ಬೈಂಡರನಿಗೆ ಕೋಳಿಯನ್ನು ಎತ್ತಿಕೊಳ್ಳುವುದು ಹೇಗೆಂದೇ ಗೊತ್ತಿರಲಿಲ್ಲ. ಹೊಲಿಗೆ ಬಿಚ್ಚಿದ ಹಳೇ ಪುಸ್ತಕ ಎತ್ತುವ ಹಾಗೆ ಎರಡೂ ಕೈಯಲ್ಲಿ ಎತ್ತಿದ. ಅದರ ಕತ್ತು ಒಂದು ಕಡೆಗೆ ವಾಲಿತು. ಅವನ ಜೀವ ಬಾಯಿಗೆ ಬಂತು.

ಅವನ ಕೂಗು ಕೇಳಿ ಮೊದಲು ಗೋಡೆಯಾಚೆಯಿಂದ ಇಣುಕಿದ್ದು ಪಕ್ಕದ ಮನೆಯ ಅಜ್ಜಿ. ಸುತ್ತಿಕೊಂಡು ಬಂದು ಕೋಳಿಯ ಎದೆಯ ಮೇಲ್ಭಾಗವನ್ನು ಬೆರಳಲ್ಲಿ ಒತ್ತಿ ನೋಡಿದಳು.

"ಮೇವಿನ ಚೀಲ ಕಲ್ಲಾಗಿದೆ ನೋಡಪ್ಪಾ. ಏನು ತಿನ್ನಿಸಿದೆ ಇದಕ್ಕೆ?"

ಅಂಟು ಎಂದು ಬೈಂಡರ್ ತಲೆ ತಗ್ಗಿಸಿದ. ಅಜ್ಜಿ ಹಣೆ ಚಚ್ಚಿಕೊಂಡಳು. ಅಷ್ಟರಲ್ಲಿ ಎದುರುಮನೆಯ ಮೇಷ್ಟ್ರು ಒಂದು ರಟ್ಟಿನ ಪೆಟ್ಟಿಗೆ ತಂದು, ಅದರಲ್ಲಿ ತಮ್ಮದೇ ಶಾಲು ಹಾಸಿದರು. ಆಗಷ್ಟೇ ರಾತ್ರಿ ಡ್ಯೂಟಿ ಮುಗಿಸಿ ಬಂದು ಮಲಗಿದ್ದ ಮೂಲೆಮನೆಯ ಬಸ್ ಕಂಡಕ್ಟರ್ ಬನಿಯನ್ನಿನಲ್ಲೇ ಸ್ಕೂಟರ್ ಹೊರಗೆಳೆದ.

ದನದ ಆಸ್ಪತ್ರೆಯ ಡಾಕ್ಟರು ಕೋಳಿಯ ಗಂಟಲಿಗೆ ಎಣ್ಣೆ ಬಿಟ್ಟು, ಅರ್ಧ ಗಂಟೆ ನೀವಿ ನೀವಿ ಅಂಟನ್ನು ಸಡಿಲಿಸಿದರು. ಕಂಡಕ್ಟರ್ ಹೊರಗೆ ಸ್ಕೂಟರಿನ ಮೇಲೆ ತೂಕಡಿಸುತ್ತಿದ್ದ. ಡಾಕ್ಟರು ಕೈ ತೊಳೆಯುತ್ತ ಬೈಂಡರನಿಗೆ ಒಂದೇ ಮಾತು ಹೇಳಿದರು.

"ಬದುಕುತ್ತೆ. ಆದ್ರೆ ನಾಳೆ ಬೆಳಗ್ಗೆವರೆಗೂ ಗುಟುಕು ನೀರು ಬಿಟ್ರೆ ಒಂದು ಕಾಳೂ ಒಳಗೆ ಹೋಗಬಾರದು. ಹೋದ್ರೆ ನನ್ನ ಕೈಲೂ ಆಗಲ್ಲ."

ಮನೆಗೆ ಬಂದಾಗ ಅಜ್ಜಿಯೂ ಮೇಷ್ಟ್ರೂ ಬಾಗಿಲಲ್ಲೇ ಕಾಯುತ್ತಿದ್ದರು. ಎಂಟು ವರ್ಷ ಆ ಬೀದಿಯಲ್ಲಿದ್ದೂ ತಲೆಯೆತ್ತಿ ಯಾರ ಮುಖವನ್ನೂ ಸರಿಯಾಗಿ ನೋಡದ ಬೈಂಡರ್ ಈಗ ಒಬ್ಬೊಬ್ಬರ ಮುಖವನ್ನೂ ನೋಡಿದ. ಇವರಿಲ್ಲದಿದ್ದರೆ ಕೋಳಿ ಈ ಹೊತ್ತಿಗೆ ಇರುತ್ತಿರಲಿಲ್ಲ. ನಿಮ್ಮ ಉಪಕಾರ ಈ ಜನ್ಮದಲ್ಲಿ ಮರೆಯುವುದಿಲ್ಲ ಎಂದು ಕೈಮುಗಿದ. ಅಷ್ಟಕ್ಕೇ ನಿಲ್ಲಿಸದೆ ಕಣ್ಣಲ್ಲಿ ನೀರೂ ತಂದುಕೊಂಡ. ಉಪಕಾರ ಮಾಡಿದವರಿಗೆ ಇದರಿಂದ ಇನ್ನಷ್ಟು ಹುರುಪು ಬಂತು.

ಹತ್ತು ನಿಮಿಷದಲ್ಲಿ ಅಜ್ಜಿ ಒಂದು ಬಟ್ಟಲು ಮೆತ್ತಗಿನ ಮೊಸರನ್ನ ತಂದಳು. ಬೈಂಡರ್ ಡಾಕ್ಟರ ಮಾತನ್ನು ಮೆಲ್ಲಗೆ ಹೇಳಿ ನೋಡಿದ.

"ನಲವತ್ತು ವರ್ಷ ಕೋಳಿ ಸಾಕಿದೀನಿ ಕಣಪ್ಪಾ. ಹೊಟ್ಟೆಗಿಲ್ದೆ ಯಾವ ಜೀವ ಚೇತರಿಸ್ಕೊಂಡಿದೆ? ತಿನ್ನಿಸಿ ಬಟ್ಟಲು ಕೊಡು, ಇಲ್ಲೇ ನಿಂತಿರ್ತೀನಿ."

ಜೀವ ಉಳಿಸಿದ ಕೈಗೆ ಬೇಡವೆನ್ನುವುದು ಹೇಗೆ? ಬಟ್ಟಲು ಹಿಡಿದು ಒಳಗೆ ಹೋದ. ಕೋಳಿ ಆಸೆಯಿಂದ ಬಟ್ಟಲನ್ನು ನೋಡಿತು. ಬೈಂಡರ್ ಗೋಡೆಯ ಕಡೆ ತಿರುಗಿ ಗಬಗಬನೆ ತಾನೇ ತಿಂದು ಮುಗಿಸಿದ. ಖಾಲಿ ಬಟ್ಟಲು ಕಂಡು ಅಜ್ಜಿಯ ಮುಖ ಅರಳಿತು. ಕೋಳಿ ಒಂದು ಅಗುಳೂ ಬಿಡಲಿಲ್ಲವಂತೆ ಎಂಬ ಸುದ್ದಿ ಬೀದಿಗೆಲ್ಲ ಹರಡಿತು.

ಆಮೇಲೆ ತಡೆಯುವವರೇ ಇಲ್ಲ. ಮೇಷ್ಟ್ರು ಹಾಲಿನಲ್ಲಿ ನಾಲ್ಕು ಬಾಳೆಹಣ್ಣು ಕಿವುಚಿ ತಂದರು. ಜೊತೆಗೆ ಯಾರು ಎಷ್ಟು ಹೊತ್ತಿಗೆ ತರಬೇಕೆಂದು ವೇಳಾಪಟ್ಟಿ ಬರೆದು ಬಾಗಿಲಿಗೆ ಅಂಟಿಸಿದರು. ಕಂಡಕ್ಟರ್ ನಿದ್ದೆಗೆಟ್ಟು ಬೇಯಿಸಿದ ಆಲೂಗಡ್ಡೆ ತಂದ. ಅಜ್ಜಿ ಎರಡನೇ ಸರದಿಗೆ ಬಟ್ಟಲು ಬಿಟ್ಟು ಪಾತ್ರೆಯನ್ನೇ ಎತ್ತಿಕೊಂಡು ಬಂದಳು. ಬಂದವರು ಪಾತ್ರೆ ಖಾಲಿಯಾಗದೆ ಕದಲುತ್ತಿರಲಿಲ್ಲ. ಬೈಂಡರ್ ಪ್ರತಿಸಲ ಕೈಮುಗಿದು ಒಳಗೆ ಹೋಗುತ್ತಿದ್ದ, ಪ್ರತಿಸಲ ಸ್ವಲ್ಪ ನಿಧಾನವಾಗಿ ಹೊರಗೆ ಬರುತ್ತಿದ್ದ.

ನಾಲ್ಕು ಗಂಟೆಗೆ ಕೋಳಿಯ ಮೇವಿನ ಚೀಲ ಮೆತ್ತಗಾಯಿತು. ಅದು ಪುಕ್ಕ ಕೊಡವಿ ಎದ್ದು ನಿಂತು, ಕೊಕ್ ಎಂದಿತು. ಬೈಂಡರನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕುಣಿಯಬೇಕೆನಿಸಿತು, ಆದರೆ ಬಗ್ಗಲೂ ಆಗಲಿಲ್ಲ. ಅಂಗಿಯ ಗುಂಡಿ ಬಿಚ್ಚಿ ಚಾಪೆಯ ಮೇಲೆ ಅಂಗಾತ ಮಲಗಿಬಿಟ್ಟ.

ಐದಕ್ಕೆ ಹೆಂಡತಿ ಬಂದಾಗ ಕೋಳಿ ಅವಳ ಕಾಲಿಗೆ ಓಡಿ ಬಂತು. ಗಂಡ ಮಾತ್ರ ನರಳುತ್ತ ಬಿದ್ದಿದ್ದ. ಗಾಬರಿಯಾದ ಅವಳಿಗೆ, ಹಿಂದೆಯೇ ಬಂದ ನೆರೆಯವರು ನಡೆದದ್ದನ್ನೆಲ್ಲ ಹೇಳಿದರು. ಅವಳು ಅಡುಗೆಮನೆಗೆ ಹೋಗಿ ನೋಡಿದಳು. ಮಧ್ಯಾಹ್ನದ ಊಟ ಮುಟ್ಟದೆ ಹಾಗೇ ಇತ್ತು.

"ನೋಡಮ್ಮಾ," ಅಜ್ಜಿ ಕಣ್ಣೊರೆಸಿಕೊಂಡಳು, "ಬೆಳಗ್ಗಿಂದ ನಾವು ತಂದಿದ್ದನ್ನೆಲ್ಲ ಆ ಕೋಳಿಗೇ ತಿನ್ನಿಸಿದ. ತಾನು ಒಂದು ತುತ್ತೂ ಬಾಯಿಗೆ ಹಾಕಿಲ್ಲ. ಹಸಿವಿಗೇ ಬಿದ್ದಿದಾನೆ ಪಾಪ."

ಬೈಂಡರ್ ಏನೋ ಹೇಳಲು ಹೊರಟ, ಉಸಿರೇ ಏಳಲಿಲ್ಲ. ಅಜ್ಜಿ ಮೊಸರಿಗೆ, ಮೇಷ್ಟ್ರು ಹಣ್ಣಿಗೆ, ಕಂಡಕ್ಟರ್ ಆಲೂಗಡ್ಡೆಗೆ ಓಡಿದರು. ಹೆಂಡತಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅನ್ನ ಕಲಸಿದಳು.

"ನನ್ನ ಕೋಳಿಗೋಸ್ಕರ ಉಪವಾಸ ಇದ್ರಲ್ಲಾ ರೀ," ಎಂದಳು. ಅವಳ ಕಣ್ಣು ತುಂಬಿತ್ತು. "ಬಾಯಿ ತೆಗೀರಿ."

ಮದುವೆಯಾದ ಇಷ್ಟು ವರ್ಷಗಳಲ್ಲಿ ಅವಳು ಹೀಗೆ ತುತ್ತಿಟ್ಟದ್ದು ಇದೇ ಮೊದಲು. ಸುತ್ತ ಮೂವರು ಪಾತ್ರೆ ಹಿಡಿದು ಪ್ರೀತಿಯಿಂದ ನಿಂತಿದ್ದರು. ಬೈಂಡರ್ ಎಲ್ಲರ ಮುಖವನ್ನೂ ಕೃತಜ್ಞತೆಯಿಂದ ಒಮ್ಮೆ ನೋಡಿ, ಬಾಯಿ ತೆರೆದ.